ಕಳಲೆಯನ್ನು ಹದಗೊಳಿಸಿ ಪಲ್ಯ ಮಾಡುವ ಕ್ರಮ

ಆರಿದ್ರಾ ಮಳೆ ಹಿಡಿದು ನೆಲ ನೆನೆದ ಮೇಲೆ ಬಿದಿರು ಮೆಳೆಯ ಬುಡದಲ್ಲಿ ಏಳುವ ಎಳೆ ಮೊಳಕೆಯೇ ಕಳಲೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯ ಮನೆಗಳಲ್ಲಿ ಪಲ್ಯ, ಸಾರು, ಉಪ್ಪಿನಕಾಯಿ ಎಂದು ಮಳೆಗಾಲವಿಡೀ ಇದರ ಅಡುಗೆ ನಡೆಯುತ್ತದೆ. ಮಸಾಲೆಯ ಅಳತೆಯನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಆದರೆ ಒಲೆ ಹಚ್ಚುವುದಕ್ಕೆ ಮೊದಲು ಎರಡು ಮೂರು ದಿನ ನಡೆಯುವ ಹದದ ಕೆಲಸವೇ ಈ ಅಡುಗೆಯ ನಿಜವಾದ ಪರಂಪರೆ, ಹೊಸಬರು ಮೊದಲು ಕಲಿಯಬೇಕಾದದ್ದೂ ಅದನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಳಲೆಯನ್ನು ಸ್ವಂತ ತೋಟದ ಮೆಳೆಯಿಂದ ತೆಗೆಯಬೇಕು, ಇಲ್ಲವೇ ಸಂತೆಯಲ್ಲಿ ಕೊಳ್ಳಬೇಕು. ಭದ್ರಾ ಅಭಯಾರಣ್ಯದಂತಹ ಸಂರಕ್ಷಿತ ಕಾಡಿನಿಂದ ಕೀಳುವುದು ಕಾನೂನಿಗೆ ವಿರುದ್ಧ, ಮೇಲಾಗಿ ಅಲ್ಲಿನ ಬಿದಿರು ಆನೆಗಳ ಮೇವು. ತೋಟದಲ್ಲಿಯೂ ಒಂದೇ ಮೆಳೆಯ ಮೊಳಕೆಗಳನ್ನೆಲ್ಲ ತೆಗೆದರೆ ಮುಂದಿನ ವರ್ಷಗಳಿಗೆ ಹೊಸ ಗಳ ಬೆಳೆಯುವುದಿಲ್ಲವಾದ್ದರಿಂದ ಒಂದೆರಡನ್ನು ಮಾತ್ರ ಕೊಯ್ದು ಉಳಿದವನ್ನು ಬಿಡಬೇಕು. ಮೊಣಕಾಲೆತ್ತರ ಮೀರದ ಮೊಳಕೆ ಅಡುಗೆಗೆ ತಕ್ಕದ್ದು.

ಹೊರಗಿನ ಹಾಳೆಗಳ ಮೇಲೆ ಚರ್ಮಕ್ಕೆ ಚುಚ್ಚಿ ತುರಿಕೆ ತರುವ ಸಣ್ಣ ರೋಮಗಳಿರುವುದರಿಂದ ಕೈಗೆ ಬಟ್ಟೆ ಸುತ್ತಿಕೊಂಡು ಹಾಳೆಗಳನ್ನು ಒಂದೊಂದಾಗಿ ಬಿಡಿಸಿರಿ. ಒಳಗೆ ದಂತದ ಬಣ್ಣದ ತಿರುಳು ಕಾಣಿಸುತ್ತದೆ. ತುದಿಯಿಂದ ಬುಡದ ಕಡೆಗೆ ತೆಳ್ಳಗೆ ಬಿಲ್ಲೆಗಳಾಗಿ ಹೆಚ್ಚುತ್ತಾ ಬರಬೇಕು. ಎಳೆಯ ಭಾಗದಲ್ಲಿ ಕತ್ತಿ ತಡೆಯಿಲ್ಲದೆ ಇಳಿಯುತ್ತದೆ. ಬುಡ ಹತ್ತಿರವಾದಂತೆ ನಾರು ಸಿಕ್ಕಿ ಕತ್ತಿ ತಡೆದು ನಿಂತಾಗ ಅಲ್ಲಿಗೇ ನಿಲ್ಲಿಸಿರಿ. ಅದರಾಚೆಗಿನದು ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ.

ಹಸಿ ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ಕಹಿ ಪದಾರ್ಥವಿದೆ. ಕತ್ತರಿಸಿದಾಗ ಅಥವಾ ಜಗಿದಾಗ ಅದು ಒಡೆದು ವಿಷಕಾರಿ ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ತೆಳ್ಳಗೆ ಹೆಚ್ಚಿ ನೀರಿನಲ್ಲಿ ಇಡುವುದರಿಂದ ಆ ಪದಾರ್ಥ ಒಡೆದು ನೀರಿಗೆ ಇಳಿಯುತ್ತದೆ, ಕುದಿಸಿದಾಗ ಉಳಿದದ್ದು ಆವಿಯಾಗಿ ಹೋಗುತ್ತದೆ. ರಸಾಯನಶಾಸ್ತ್ರ ಓದದ ನಮ್ಮ ಹಿರಿಯರು ನಾಲಿಗೆಯ ಕಹಿಯನ್ನೇ ಅಳತೆಯಾಗಿಟ್ಟುಕೊಂಡು ಇದಕ್ಕೆ ಸರಿಯಾದ ಕ್ರಮವನ್ನು ರೂಪಿಸಿದ್ದರೆಂಬುದು ನನಗೆ ಅತ್ಯಂತ ಗೌರವದ ವಿಷಯ. ಆದ್ದರಿಂದ ಹೆಚ್ಚಿದ ಹೋಳುಗಳು ಪೂರ್ತಿ ಮುಳುಗುವಷ್ಟು ನೀರು ಹಾಕಿ, ದಿನಕ್ಕೊಮ್ಮೆಯಾದರೂ ಆ ನೀರನ್ನು ಚೆಲ್ಲಿ ಹೊಸ ನೀರು ತುಂಬುತ್ತಾ ಎರಡರಿಂದ ಮೂರು ದಿನ ಇಡಬೇಕು. ಎರಡನೆಯ ದಿನದಿಂದ ಬರುವ ಹುಳಿವಾಸನೆ ಕಳಲೆಯ ಸಹಜ ಗುಣ, ಅದಕ್ಕೆ ಹೆದರಬೇಕಾಗಿಲ್ಲ. ಹೋಳು ಲೋಳೆಯಾದರೆ ಅಥವಾ ಬಣ್ಣಗೆಟ್ಟರೆ ಮಾತ್ರ ಎಸೆಯಿರಿ. ನೆನೆಸಿದ ನೀರನ್ನು ಅಡುಗೆಗೆ ಎಂದಿಗೂ ಬಳಸಬಾರದು. ದನಗಳ ಬಾನಿಗೂ ಹಾಕಬಾರದು.

ನೆನೆದ ಹೋಳುಗಳನ್ನು ತೊಳೆದು, ಪಾತ್ರೆಯ ಬಾಯಿ ಮುಚ್ಚದೆ, ಸುಮಾರು 20 ನಿಮಿಷ ಚೆನ್ನಾಗಿ ಕುದಿಸಿ ನೀರು ಬಸಿಯಿರಿ. ನೇರವಾಗಿ ಕುಕ್ಕರಿಗೆ ಹಾಕಿ ಸಮಯ ಉಳಿಸುವ ಅಭ್ಯಾಸ ಈಗ ಕಾಣುತ್ತಿದೆ, ಅದು ಬೇಡ. ಬಸಿದ ಮೇಲೂ ಕಹಿ ಉಳಿದಿದ್ದರೆ ಇನ್ನೊಮ್ಮೆ ಹೊಸ ನೀರಿನಲ್ಲಿ ಕುದಿಸಬೇಕು.

ಇನ್ನು ಪಲ್ಯ ಸುಲಭ. ಮೂರು ಬಟ್ಟಲು ಕಳಲೆಗೆ ಮೊಳಕೆ ಬಂದ ಹೆಸರುಕಾಳು ಒಂದು ಬಟ್ಟಲು ಸಾಕು, ಅದನ್ನು ಬೇರೆಯಾಗಿ ಬೇಯಿಸಿಕೊಳ್ಳಿ. ಹುರಿದ ಒಣಮೆಣಸಿನಕಾಯಿ 6, ಕೊತ್ತಂಬರಿ ಬೀಜ ಎರಡು ಚಮಚ, ಸ್ವಲ್ಪ ಜೀರಿಗೆ, ಬೆಳ್ಳುಳ್ಳಿ, ಚಿಟಿಕೆ ಅರಿಶಿನ, ಗೋಲಿಯಷ್ಟು ಹುಣಸೆಹಣ್ಣು ಮತ್ತು ಅರ್ಧ ಬಟ್ಟಲು ತೆಂಗಿನತುರಿಯನ್ನು ತರಿತರಿಯಾಗಿ ರುಬ್ಬಬೇಕು. ಸಾಸಿವೆ, ಕರಿಬೇವು, ಈರುಳ್ಳಿಯ ಒಗ್ಗರಣೆಗೆ ಕಳಲೆ, ಕಾಳು, ಉಪ್ಪು ಹಾಕಿ, ರುಬ್ಬಿದ್ದನ್ನು ಬೆರೆಸಿ, ನೀರು ಇಂಗುವವರೆಗೆ ಸಣ್ಣ ಉರಿಯಲ್ಲಿ ಬಾಡಿಸಿರಿ. ಬಿಸಿ ಅಕ್ಕಿರೊಟ್ಟಿಗಾಗಲಿ ಕಡುಬಿಗಾಗಲಿ ಇದು ಚೆನ್ನಾಗಿ ಹೊಂದುತ್ತದೆ.

ಹೆಚ್ಚಿಗೆ ಸಿಕ್ಕ ಕಳಲೆಯನ್ನು, ಇದೇ ರೀತಿ ನೆನೆಸಿ ಕುದಿಸಿ ಆರಿಸಿದ ಮೇಲೆ, ಪಿಂಗಾಣಿ ಜಾಡಿಯಲ್ಲಿ ಒಂದು ಪದರ ಹೋಳು, ಒಂದು ಪದರ ಕಲ್ಲುಪ್ಪಿನಂತೆ ಒತ್ತಾಗಿ ತುಂಬಿ ಬಿಗಿಯಾಗಿ ಮುಚ್ಚಿಡಬಹುದು. ತೆಗೆಯುವಾಗ ಒಣಗಿದ ಸೌಟನ್ನೇ ಬಳಸಿರಿ, ಅಡುಗೆಗೆ ಮೊದಲು ಒಂದು ರಾತ್ರಿ ನೀರಿನಲ್ಲಿಟ್ಟು ಉಪ್ಪು ಬಿಡಿಸಿರಿ.