ಟ್ರಯಲ್‌ಗೆ ಸೇರುವ ತೀರ್ಮಾನ ಆಗೋದು ಮನೆಯಲ್ಲಿ

ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಕ್ಲಿನಿಕಲ್ ಟ್ರಯಲ್ ಕೋಆರ್ಡಿನೇಟರ್, ಅಂದರೆ ಹೊಸ ಔಷಧಿಯನ್ನು ಜನರಲ್ಲಿ ಪರೀಕ್ಷಿಸುವ ಕೆಲಸ ನೋಡಿಕೊಳ್ಳುವವಳು. ಟೈಪ್ 2 ಸಕ್ಕರೆ ಕಾಯಿಲೆಯ ಹೊಸ ಮಾತ್ರೆಯೊಂದರ ಟ್ರಯಲ್ ನಡೆಯುತ್ತಿತ್ತು. ಒಪಿಡಿ ತುಂಬಾ ಸಕ್ಕರೆ ಕಾಯಿಲೆಯವರು, ನಮ್ಮ ರಿಜಿಸ್ಟರ್ ಮಾತ್ರ ಖಾಲಿ. ಟ್ರಯಲ್ ಮಾಡಿಸುವ ಕಂಪನಿ, ಅಂದರೆ ಸ್ಪಾನ್ಸರ್ ಕಡೆಯವರು ಪೋಸ್ಟರ್ ಹಾಕಿ ಅಂದರು. ಟ್ರಯಲ್‌ಗಳನ್ನು ಪರಿಶೀಲಿಸುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು ಹಾಕಿದೆವು. ಅದನ್ನು ನೋಡಿ ಬಂದವರು ಹೆಚ್ಚಾಗಿ ಔಷಧಿ ಕಂಪನಿ ರೆಪ್‌ಗಳೇ!

ಆಮೇಲೆ ಸ್ಕ್ರೀನಿಂಗ್ ಲಾಗ್, ಅಂದರೆ ಟ್ರಯಲ್‌ಗೆ ಆಗ್ತಾರಾ ಅಂತ ನೋಡಿದವರ ಪಟ್ಟಿ, ತೆಗೆದು ಕೂತೆ. ಯಾರು ಯಾಕೆ ಸೇರಲಿಲ್ಲ ಅನ್ನೋದು ಅದರಲ್ಲೇ ಇರುತ್ತದೆ, ಸುಮ್ನೆ ಯಾರೂ ಓದುವುದಿಲ್ಲ ಅಷ್ಟೆ. ಒಂದಷ್ಟು ಜನ ಪ್ರೋಟೋಕಾಲ್‌ಗೆ, ಅಂದರೆ ಟ್ರಯಲ್‌ನ ಲಿಖಿತ ನಿಯಮಗಳಿಗೆ, ಹೊಂದಲಿಲ್ಲ. ಈಗ ತಗೊಳ್ಳುವ ಸಕ್ಕರೆ ಕಾಯಿಲೆ ಮಾತ್ರೆ ಮೆಟ್‌ಫಾರ್ಮಿನ್ ಡೋಸ್ ಮೂರು ತಿಂಗಳಿಂದ ಬದಲಾಗಿರಬಾರದು, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ) ಇಷ್ಟರೊಳಗೇ ಇರಬೇಕು, ಇಂಥವು. ಇದು ಸುಲಭ. ಡಾಕ್ಟರ ಮರುದಿನದ ಅಪಾಯಿಂಟ್‌ಮೆಂಟ್ ಪಟ್ಟಿ ಹಿಡಿದು ಹಿಂದಿನ ದಿನವೇ ಫೈಲ್ ನೋಡಲು ಕಮಿಟಿಯ ಒಪ್ಪಿಗೆ ತಗೊಂಡೆವು. ಹೊಂದದವರನ್ನು ಕೂರಿಸಿ ಕಾಯಿಸುವುದು ತಪ್ಪಿತು.

ಉಳಿದವರದು ಬೇರೆ ಕಥೆ. "ಯೋಚನೆ ಮಾಡಿ ಹೇಳ್ತೀನಿ ಮೇಡಂ" ಅಂತ ಹೋದವರು ತಿರುಗಿ ಬರುತ್ತಿರಲಿಲ್ಲ. ಬೇಡ ಅಂದವರು ಮನೆಯಲ್ಲಿದ್ದ ಮಗನೋ ಸೊಸೆಯೋ. ಅವರಿಗೆ ಏನೂ ಗೊತ್ತಿಲ್ಲ, ಆಸ್ಪತ್ರೆಯವರು ಅಪ್ಪನ ಮೇಲೆ ಏನೋ ಮಾಡ್ತಾರೆ ಅನ್ನೋದಷ್ಟೇ ಗೊತ್ತು.

ಹಾಗಾಗಿ ಮೊದಲ ದಿನ ಸಹಿ ಕೇಳುವುದನ್ನೇ ನಿಲ್ಲಿಸಿದೆವು. ಕನ್ನಡದ ಮಾಹಿತಿ ಪತ್ರ ಮನೆಗೆ ಕೊಟ್ಟು, "ಮನೆಯವರನ್ನೂ ಕರ್ಕೊಂಡು ಬನ್ನಿ" ಅನ್ನುತ್ತೇವೆ. ಮಗ ಬೆಂಗಳೂರಲ್ಲಿದ್ದರೆ ಸ್ಪೀಕರ್ ಫೋನ್.

ಶ್ರೀರಂಗಪಟ್ಟಣದ ಕಡೆಯ ಒಬ್ಬ ಯಜಮಾನರ ಹೆಂಡತಿ ಕೇಳಿದರು: "ಇವರ ಮೇಲೆ ಪ್ರಯೋಗ ಮಾಡ್ತೀರಾ?"

"ಹೌದು ಕಣಮ್ಮಾ, ಪ್ರಯೋಗವೇ" ಅಂದೆ. "ಈಗಿನ ಮಾತ್ರೆ ನಿಲ್ಲಲ್ಲ. ಅದರ ಜೊತೆ ಇನ್ನೊಂದು ಕೊಡ್ತೀವಿ. ಅದರಲ್ಲಿ ಔಷಧಿ ಇರಬಹುದು, ಇಲ್ಲದೇನೂ ಇರಬಹುದು. ನಮಗೂ ಗೊತ್ತಾಗಲ್ಲ. ಇದರಿಂದ ತೊಂದರೆ ಆದ್ರೆ ಚಿಕಿತ್ಸೆಗೆ ನೀವು ದುಡ್ಡು ಕೊಡಬೇಕಾಗಿಲ್ಲ, ಪರಿಹಾರಾನೂ ಇದೆ. ಬೇಡ ಅನ್ನಿಸಿದ ದಿನ ಬಿಡಬಹುದು, ಡಾಕ್ಟ್ರು ಮೊದಲಿನ ಹಾಗೇ ನೋಡ್ತಾರೆ." ಚಿಕಿತ್ಸೆ, ಪರಿಹಾರ ಎಲ್ಲಾ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲೇ ಇದೆ.

ಅವರು ಕೊನೆಗೆ ಕೇಳಿದ್ದು ಬಸ್ ಚಾರ್ಜ್ ಬಗ್ಗೆ.

ಅದು ಸಣ್ಣ ವಿಷಯ ಅಲ್ಲ. ಪ್ರಯಾಣದ ಹಣ ವೋಚರ್ ಆಗಿ ಅಕೌಂಟ್ಸ್‌ಗೆ ಹೋಗಿ, ಮುಂದಿನ ಭೇಟಿಗೆ ಬರುತ್ತಿತ್ತು. ಕೂಲಿ ಬಿಟ್ಟು ಬಂದವರಿಗೆ ಮುಂದಿನ ತಿಂಗಳ ದುಡ್ಡು ಯಾಕೆ? ಈಗ ಅವತ್ತೇ ಕೈಗೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು, ದೂರದವರು ದಾರಿಯಲ್ಲಿ ಇಡ್ಲಿ ತಿಂದು ಬರುತ್ತಿದ್ದರು, ಭೇಟಿ ವ್ಯರ್ಥ. ಲ್ಯಾಬಿನವರನ್ನು ಒಪ್ಪಿಸಿ ಏಳಕ್ಕೇ ರಕ್ತ ತೆಗೆಸಿ, ಕ್ಯಾಂಟೀನ್ ತಿಂಡಿಯನ್ನೂ ಬಜೆಟ್‌ಗೆ ಸೇರಿಸಿದೆವು. ಅಮಾವಾಸ್ಯೆ ದಿನ ಹೊಸ ಮಾತ್ರೆ ಶುರು ಮಾಡಲ್ಲ ಅನ್ನುವವರಿದ್ದಾರೆ. ವಾದ ಮಾಡಲ್ಲ, ಪ್ರೋಟೋಕಾಲ್ ಕೊಟ್ಟ ದಿನಗಳೊಳಗೆ ಇನ್ನೊಂದು ದಿನ ನೋಡುತ್ತೇವೆ. ರಂಜಾನ್ ತಿಂಗಳೂ ಹಾಗೇ.

ಡಾಕ್ಟರೇ ಕೇಳಿದರೆ ಜನ ಬೇಗ ಒಪ್ಪುತ್ತಾರೆ, ನಿಜ. ನನಗದು ಇಷ್ಟವಿಲ್ಲ. ವರ್ಷಗಟ್ಟಲೆ ನೋಡಿದ ಡಾಕ್ಟರಿಗೆ ಇಲ್ಲ ಅನ್ನೋದು ಹೇಗೆ, ಅಲ್ವಾ? ಹಾಗೆ ಸೇರಿದವರು ಎರಡನೇ ಭೇಟಿಗೆ ಫೋನ್ ಎತ್ತುವುದಿಲ್ಲ. ನಮ್ಮಲ್ಲಿ ಡಾಕ್ಟರು ಇಂಥದ್ದೊಂದಿದೆ ಎಂದಷ್ಟೇ ಹೇಳುತ್ತಾರೆ, ವಿವರಿಸೋದು ನಾನು, ಬೇರೆ ಕೋಣೆಯಲ್ಲಿ. ಓದು ಬಾರದವರಿಗೆ ಟ್ರಯಲ್‌ಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಪೂರ್ತಿ ಕೂತಿರಬೇಕು. ಕೊನೆಗೆ "ನಿಮಗೆ ಅರ್ಥ ಆದದ್ದು ಹೇಳಿ" ಅನ್ನುತ್ತೇನೆ. ಹೇಳಲು ಆಗದಿದ್ದರೆ ಅವತ್ತು ಸಹಿ ಇಲ್ಲ.

ಬೇಡ ಅನ್ನುವವರು ಈಗಲೂ ಇದ್ದಾರೆ, ಆದರೆ ಎದುರಿಗೇ ಅನ್ನುತ್ತಾರೆ. ಸೇರಿದವರು ಭೇಟಿ ತಪ್ಪಿಸುವುದು ಕಡಿಮೆ. ತಿಂಗಳಿಗೆ ಎಷ್ಟು ಜನ ಸಿಗುತ್ತಾರೆ ಅಂತ ಹೊಸ ಸ್ಪಾನ್ಸರ್ ಕೇಳಿದರೆ ಒಪಿಡಿ ಸಂಖ್ಯೆ ಕೊಡುವುದಿಲ್ಲ, ಲಾಗ್ ನೋಡಿ ಹೇಳುತ್ತೇನೆ. ಆ ಸಂಖ್ಯೆ ಸಣ್ಣದು. ಕೆಲವರು ಕೇಳಿ ಬೇರೆ ಆಸ್ಪತ್ರೆಗೆ ಹೋಗುತ್ತಾರೆ, ಹೋಗಲಿ.