ಒಂದೇ ಅಡಾಪ್ಟರ್‌ನಲ್ಲಿ ಎಲ್ಲಾ ಪೋರ್ಟು: ತೋಟದ ಮನೆಗಳಲ್ಲಿ ಲ್ಯಾಪ್‌ಟಾಪ್ ಕೆಲಸ ಮಾಡುವ ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ನನ್ನದು ಟ್ಯಾಕ್ಸ್ ಮತ್ತು ಜಿಎಸ್‌ಟಿ ಕೆಲಸ. ಆಫೀಸ್ ಪೇಟೆಯಲ್ಲೇ ಇದೆ, ಆದರೆ ಅರ್ಧ ಕೆಲಸ ನಡೆಯುವುದು ತೋಟದ ಮನೆಗಳಲ್ಲಿ. ಆಲ್ದೂರು, ಮೂಡಿಗೆರೆ, ಬಾಳೆಹೊನ್ನೂರು, ಕೊಪ್ಪ ಕಡೆ ನಾನೇ ಹೋಗಿ ಕೂತು ಮಾಡುತ್ತೇನೆ, ಯಾಕೆಂದರೆ ಕಾಫಿ ಮಾರಿದ ಚೀಟಿ, ಗೊಬ್ಬರದ ಬಿಲ್ಲು, ಬ್ಯಾಂಕ್ ಪಾಸ್‌ಬುಕ್ಕು ಎಲ್ಲಾ ಅಲ್ಲೇ ಬೀರುವಿನಲ್ಲಿ ಇರುತ್ತವೆ, ಒಂದು ಸಿಗದಿದ್ದರೆ ಮನೆಯವರನ್ನೇ ಕೇಳಿ ತೆಗೆಸಿಕೊಳ್ಳಬಹುದು.

ಈ ಓಡಾಟದಲ್ಲಿ ನನಗೆ ದೊಡ್ಡ ತಲೆನೋವಾಗಿದ್ದು ವೈರುಗಳು. ನನ್ನ ಲ್ಯಾಪ್‌ಟಾಪ್ ತೆಳ್ಳಗಿನದು, ಇರುವುದೇ ಎರಡು ಟೈಪ್-ಸಿ ಪೋರ್ಟ್. ಒಂದು ಚಾರ್ಜಿಂಗ್‌ಗೆ ಹೋಯಿತು. ಉಳಿದ ಒಂದರಲ್ಲಿ ಡಿಎಸ್‌ಸಿ ಡಾಂಗಲ್ (ರಿಟರ್ನ್‌ಗೆ ಡಿಜಿಟಲ್ ಸಹಿ ಹಾಕುವ ಯುಎಸ್‌ಬಿ ಕಡ್ಡಿ), ಪೆನ್‌ಡ್ರೈವ್, ಹಾರ್ಡ್ ಡಿಸ್ಕ್, ಇಂಟರ್‌ನೆಟ್‌ನ ಲ್ಯಾನ್ ಕೇಬಲ್, ಜೊತೆಗೆ ಹಾಲ್‌ನ ಟಿವಿಗೆ ಎಚ್‌ಡಿಎಂಐ. ಟಿವಿ ಯಾಕೆ ಅಂದರೆ, ಲೆಕ್ಕವನ್ನು ದೊಡ್ಡದಾಗಿ ಹಾಕಿ ತೋರಿಸಿದರೆ ಮನೆಯ ಹಿರಿಯರಿಗೂ ಅಂಕಿ ಸರಿಯಾಗಿ ಕಾಣುತ್ತದೆ, ಆ ಖರ್ಚು ಯಾಕೆ ಬಂತು ಅಂತ ಅವರೇ ನೆನಪು ಮಾಡಿಕೊಂಡು ಹೇಳುತ್ತಾರೆ. ಇದಕ್ಕೆಲ್ಲ ಲ್ಯಾಪ್‌ಟಾಪ್ ಅಡಾಪ್ಟರ್, ಫೋನ್ ಚಾರ್ಜರ್, ಒಂದು ಪೋರ್ಟನ್ನು ಹಲವಾಗಿಸುವ ಹಬ್ ಅಂತ ಮೂರು ಸಾಮಾನು ಹೊರಬೇಕಿತ್ತು. ಹಳೇ ತೋಟದ ಮನೆಗಳಲ್ಲಿ ಪ್ಲಗ್ ಪಾಯಿಂಟ್ ಇರುವುದೇ ಕಡಿಮೆ. ಇರುವ ಒಂದು ಸಾಕೆಟ್ಟೂ ಸ್ವಿಚ್‌ಬೋರ್ಡ್ ಜೊತೆ ಎದೆಮಟ್ಟದಲ್ಲಿ ಇರುತ್ತದೆ.

ಹಾಗಾಗಿ ಅಡಾಪ್ಟರ್ ಒಳಗೇ ಹಬ್ ಸೇರಿಸಿದ ಪೆಟ್ಟಿಗೆ ತೆಗೆದುಕೊಂಡೆ. ಗೋಡೆಯಿಂದ ಕರೆಂಟ್ ಪೆಟ್ಟಿಗೆಗೆ ಬರುತ್ತದೆ, ಅಲ್ಲಿಂದ ಒಂದೇ ಟೈಪ್-ಸಿ ಕೇಬಲ್ ಲ್ಯಾಪ್‌ಟಾಪ್‌ಗೆ. ಆ ಒಂದು ಕೇಬಲ್ಲಿನಲ್ಲೇ ಚಾರ್ಜೂ ಹೋಗುತ್ತದೆ, ಡೇಟಾನೂ ಹೋಗುತ್ತದೆ, ಟಿವಿಗೆ ಬೇಕಾದ ಚಿತ್ರವೂ ಹೋಗುತ್ತದೆ. ಪೆಟ್ಟಿಗೆಯ ಮೇಲೆ ಎರಡು ಹಳೇ ನಮೂನೆಯ ಯುಎಸ್‌ಬಿ, ಒಂದು ಎಚ್‌ಡಿಎಂಐ, ಒಂದು ಲ್ಯಾನ್, ಫೋನ್ ಚಾರ್ಜ್ ಮಾಡಲು ಇನ್ನೊಂದು ಟೈಪ್-ಸಿ. ಇದನ್ನು ನೋಡಿದ ಒಬ್ಬ ಹಿರಿಯ ಬೆಳೆಗಾರರು, "ಏನ್ ಮೇಡಂ, ಒಂದೇ ವೈರಲ್ಲಿ ಎಲ್ಲಾ ನಡೀತದಾ?" ಅಂತ ಕೇಳಿದರು. "ನಡೀತದೆ ಗೌಡ್ರೇ, ಆದ್ರೆ ವೈರು ಸರಿ ಇರಬೇಕು" ಅಂದೆ.

ಕೊಳ್ಳುವ ಮೊದಲು ಎಲ್ಲರೂ ನೋಡುವುದು ಪೋರ್ಟ್ ಎಷ್ಟಿದೆ ಅಂತ. ನಾನು ಹೇಳುವುದು, ಒಂದೊಂದು ಪೋರ್ಟ್ ಏನು ಮಾಡುತ್ತದೆ ಅಂತ ಬಿಡಿಸಿ ಕೇಳಿ. ಎಷ್ಟೋ ಅಡಾಪ್ಟರ್‌ಗಳಲ್ಲಿ ಇರುವ ಯುಎಸ್‌ಬಿ ಬರೀ ಚಾರ್ಜಿಂಗ್‌ಗೆ. ಮೈಕ್ರೋಸಾಫ್ಟ್ ಸರ್ಫೇಸ್ ಜೊತೆ ಬರುತ್ತಿದ್ದ ಅಡಾಪ್ಟರ್‌ನಲ್ಲೂ ಒಂದು ಯುಎಸ್‌ಬಿ ಪೋರ್ಟ್ ಇತ್ತು, ಫೋನ್ ಚಾರ್ಜ್ ಮಾಡಲು ಒಳ್ಳೆಯ ಅನುಕೂಲ, ಆದರೆ ಅದರಲ್ಲಿ ಪೆನ್‌ಡ್ರೈವ್ ಹಾಕಿದರೆ ಲ್ಯಾಪ್‌ಟಾಪ್‌ಗೆ ಏನೂ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಸಾಲಾಗಿ ಇಟ್ಟಿರುವ ಮೂರು ಪೋರ್ಟ್, ನಾಲ್ಕು ಪೋರ್ಟ್ ಚಾರ್ಜರ್‌ಗಳು ಹೆಚ್ಚಿನವು ಈ ಜಾತಿಯವೇ. ನಿಮಗೆ ಅಷ್ಟೇ ಸಾಕಾದರೆ ಅದನ್ನೇ ತೆಗೆದುಕೊಳ್ಳಿ, ಬೆಲೆಯೂ ಕಡಿಮೆ, ಬಿಸಿಯೂ ಕಡಿಮೆ.

ಎರಡನೇ ವಿಷಯ ನಿಮ್ಮ ಲ್ಯಾಪ್‌ಟಾಪ್. ಟೈಪ್-ಸಿ ತೂತು ಇದೆ ಅಂದ ತಕ್ಷಣ ಅದರಲ್ಲಿ ಚಾರ್ಜ್ ಆಗುತ್ತದೆ ಅಂತೇನಿಲ್ಲ. ಕೆಲವದರಲ್ಲಿ ಬರೀ ಡೇಟಾ. ಪೋರ್ಟ್ ಪಕ್ಕದಲ್ಲಿ ಪ್ಲಗ್ ಗುರುತು ಇದೆಯಾ ನೋಡಿ. ಟಿವಿ, ಮಾನಿಟರ್‌ಗೆ ಬೇಕಾದರೆ ಆ ಪೋರ್ಟ್ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ (ಟೈಪ್-ಸಿ ಮೂಲಕವೇ ಚಿತ್ರ ಕಳಿಸುವ ವ್ಯವಸ್ಥೆ) ಕೊಡುವಂತಿರಬೇಕು. ಗುರುತು ಇಲ್ಲದಿದ್ದರೆ ಕಂಪನಿಯ ಮಾಡೆಲ್ ಪುಟದಲ್ಲಿ ಓದಿ ಖಚಿತ ಮಾಡಿಕೊಳ್ಳಿ. ದುಂಡು ಪಿನ್ ಇರುವ ಹಳೇ ಲ್ಯಾಪ್‌ಟಾಪ್ ಆಗಿದ್ದರೆ ಈ ದಾರಿಗೆ ಬರಲೇಬೇಡಿ. ಟೈಪ್-ಸಿಯಿಂದ ದುಂಡು ಪಿನ್‌ಗೆ ಬದಲಿಸುವ ಕೇಬಲ್ ಸಿಗುತ್ತದೆ, ಆದರೆ ಕೆಲವು ಲ್ಯಾಪ್‌ಟಾಪ್‌ಗಳು ಪಿನ್ ಮಧ್ಯದ ಸೂಜಿಯಿಂದ ಅಡಾಪ್ಟರ್ ತನ್ನದೇನಾ ಅಂತ ನೋಡುತ್ತವೆ, ಅಲ್ಲ ಅನಿಸಿದರೆ ಬ್ಯಾಟರಿ ತುಂಬಿಸುವುದೇ ಇಲ್ಲ.

ಟೈಪ್-ಸಿ ಮೇಲೆ ದುಡ್ಡು ಹಾಕಲು ನನಗೆ ಧೈರ್ಯ ಬಂದಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಯುರೋಪಿನಲ್ಲಿ 2024ರ ಕೊನೆಯಿಂದ ಹೊಸ ಫೋನುಗಳಿಗೆ, 2026ರ ಏಪ್ರಿಲ್‌ನಿಂದ ಲ್ಯಾಪ್‌ಟಾಪ್‌ಗಳಿಗೂ ಟೈಪ್-ಸಿ ಚಾರ್ಜಿಂಗ್ ಕಡ್ಡಾಯ ಅಂತ ಕಾನೂನು ಮಾಡಿದ್ದಾರೆ. ಅಲ್ಲಿಗೊಂದು, ಇಲ್ಲಿಗೊಂದು ಅಂತ ಕಂಪನಿಗಳು ಬೇರೆ ಬೇರೆ ಮಾಡುವುದು ಕಷ್ಟ, ಅಲ್ವಾ?

ಇನ್ನು ವ್ಯಾಟ್ ಲೆಕ್ಕ. ನನ್ನ ಲ್ಯಾಪ್‌ಟಾಪ್‌ಗೆ 65 ವ್ಯಾಟ್ ಬೇಕು. ಫೋನ್‌ಗೆ 20. ಹಬ್, ಅದರಲ್ಲಿ ಸಿಕ್ಕಿಸಿದ ಹಾರ್ಡ್ ಡಿಸ್ಕ್, ಲ್ಯಾನ್ ಎಲ್ಲಾ ಸೇರಿ ಒಂದು 10 ಅಂತ ಇಟ್ಟುಕೊಂಡೆ. ಒಟ್ಟು 95. ಹಾಗಾಗಿ 100 ವ್ಯಾಟಿನದೇ ತೆಗೆದುಕೊಂಡೆ. ಡಬ್ಬಿ ಮೇಲೆ ದೊಡ್ಡದಾಗಿ 65 ಅಂತ ಬರೆದಿದ್ದರೆ ಅದು ಒಟ್ಟು ಲೆಕ್ಕ. ಫೋನ್ ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪ್ ಪಾಲು 45ಕ್ಕೆ ಇಳಿಯುವುದು ಮಾಮೂಲು. ಬ್ರೌಸರ್, ಎಕ್ಸೆಲ್, ಟ್ಯಾಲಿ ಇಷ್ಟೇ ಆದರೆ 45ರಲ್ಲೂ ಆರಾಮಾಗಿ ನಡೆಯುತ್ತದೆ, ಬ್ಯಾಟರಿ ತುಂಬುವುದು ಸ್ವಲ್ಪ ನಿಧಾನ ಅಷ್ಟೇ. ವಿಡಿಯೋ ಎಡಿಟಿಂಗ್ ಮಾಡುವವರಿಗೆ, ಗೇಮಿಂಗ್ ಲ್ಯಾಪ್‌ಟಾಪ್ ಇರುವವರಿಗೆ ಈ ಮಾತು ಒಪ್ಪುವುದಿಲ್ಲ. 2021ರಲ್ಲಿ ಬಂದ ಹೊಸ ನಿಯಮದಲ್ಲಿ ಟೈಪ್-ಸಿ 240 ವ್ಯಾಟ್‌ವರೆಗೂ ಕೊಡಬಹುದು, ಆದರೆ ಅದಕ್ಕೆ ಅಡಾಪ್ಟರ್, ಕೇಬಲ್, ಲ್ಯಾಪ್‌ಟಾಪ್ ಮೂರೂ ಆ ನಿಯಮದವೇ ಆಗಿರಬೇಕು.

ಕೇಬಲ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳುತ್ತೇನೆ, ಯಾಕೆಂದರೆ ನನ್ನ ಹತ್ತಿರ "ನಮ್ಮದು ಸರಿಯಾಗಿ ಕೆಲಸ ಮಾಡ್ತಿಲ್ಲ" ಅಂತ ತಂದ ಪೆಟ್ಟಿಗೆಗಳಲ್ಲಿ ತೊಂದರೆ ಇದ್ದಿದ್ದು ಹೆಚ್ಚಾಗಿ ಕೇಬಲ್ಲಿನಲ್ಲೇ. ಸಾಮಾನ್ಯ ಟೈಪ್-ಸಿ ಕೇಬಲ್ 3 ಆಂಪಿಯರ್ ಮಾತ್ರ ಹೊರುತ್ತದೆ. 20 ವೋಲ್ಟ್‌ಗೆ ಗುಣಿಸಿದರೆ 60 ವ್ಯಾಟ್. 65 ವ್ಯಾಟ್ ಬೇಕಾದರೆ 3.25 ಆಂಪಿಯರ್ ಆಗುತ್ತದೆ, ಅಂದರೆ ಸ್ವಲ್ಪದರಲ್ಲೇ ಗೆರೆ ದಾಟಿತು. ಅದಕ್ಕೆ 5 ಆಂಪಿಯರ್ ಕೇಬಲ್ ಬೇಕು, ಅದರ ತಲೆಯೊಳಗೆ ಒಂದು ಚಿಕ್ಕ ಚಿಪ್ ಇರುತ್ತದೆ, ತಾನು ಇಷ್ಟು ಹೊರಬಲ್ಲೆ ಅಂತ ಅಡಾಪ್ಟರ್‌ಗೆ ಹೇಳುವುದು ಅದೇ. ಚಿಪ್ ಕಾಣದಿದ್ದರೆ ಅಡಾಪ್ಟರ್ 60ರ ಮೇಲೆ ಕೊಡುವುದಿಲ್ಲ.

ಡೇಟಾ ವಿಷಯ ಇನ್ನೂ ಬೇರೆ. ಫೋನ್ ಜೊತೆ, ಲ್ಯಾಪ್‌ಟಾಪ್ ಚಾರ್ಜರ್ ಜೊತೆ ಬರುವ ಉದ್ದನೆಯ ಬಿಳಿ ಕೇಬಲ್ ನೋಡಲು ದಪ್ಪವಾಗಿದ್ದರೂ ಒಳಗೆ ಹೆಚ್ಚಾಗಿ ಯುಎಸ್‌ಬಿ 2.0 ತಂತಿಗಳೇ ಇರುತ್ತವೆ, ಸೆಕೆಂಡಿಗೆ 480 ಮೆಗಾಬಿಟ್ ಮೇಲೆ ಹೋಗುವುದಿಲ್ಲ, ಚಿತ್ರ ಸಾಗಿಸುವ ತಂತಿಯೇ ಅದರಲ್ಲಿ ಇರುವುದಿಲ್ಲ. ಅದನ್ನು ಈ ಪೆಟ್ಟಿಗೆಗೆ ಹಾಕಿದರೆ ಚಾರ್ಜ್ ಆಗುತ್ತದೆ, ಪೆನ್‌ಡ್ರೈವ್ ಕೂಡ ಕಾಣುತ್ತದೆ, ಟಿವಿ ಮಾತ್ರ ಕಪ್ಪಗೆ ಕೂತಿರುತ್ತದೆ. ಚಾರ್ಜು, ಡೇಟಾ, ಚಿತ್ರ ಮೂರನ್ನೂ ಸಾಗಿಸುವ ಪೂರ್ತಿ ಕೇಬಲ್ ಸಾಮಾನ್ಯವಾಗಿ ಒಂದು ಮೀಟರ್ ಒಳಗೇ ಇರುತ್ತದೆ. ನಾನು ವ್ಯಾಟ್ ತೋರಿಸುವ ಪುಟ್ಟ ಡಿಸ್‌ಪ್ಲೇ ಇರುವ ಕೇಬಲ್ ಇಟ್ಟುಕೊಂಡಿದ್ದೇನೆ. ಬ್ಯಾಟರಿ ಖಾಲಿ ಇದ್ದಾಗ ಅರವತ್ತರ ಆಸುಪಾಸು ತೋರಿಸುತ್ತದೆ, ತುಂಬುತ್ತಾ ಬಂದ ಹಾಗೆ ಅಂಕಿ ಇಳಿಯುತ್ತಾ ಹೋಗುತ್ತದೆ. ಪೂರ್ತಿ ಖಾಲಿ ಬ್ಯಾಟರಿಗೂ ಹದಿನೈದೇ ತೋರಿಸಿದರೆ ಎಲ್ಲೋ ಹೊಂದಾಣಿಕೆ ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಒಂದು ಮೀಟರ್ ಕೇಬಲ್ ಅಂದ ಮೇಲೆ ಪೆಟ್ಟಿಗೆ ಟೇಬಲ್ ಹತ್ತಿರವೇ ಬರಬೇಕು. ಎದೆಮಟ್ಟದ ಸಾಕೆಟ್‌ನಲ್ಲಿ ನೇರ ಸಿಕ್ಕಿಸಿದರೆ ಇದರ ತೂಕಕ್ಕೆ ಪ್ಲಗ್ ಜೋತು ಬೀಳುತ್ತದೆ, ಪಿನ್ ಸಡಿಲವಾಗಿ ಒಳಗೆ ಚಟಚಟ ಅನ್ನುತ್ತದೆ. ಹಾಗಾಗಿ ಮೂರು ಪಿನ್ನಿನ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡ್ ಬ್ಯಾಗಿನಲ್ಲೇ ಇರುತ್ತದೆ. ಪೆಟ್ಟಿಗೆಯನ್ನು ಮರದ ಟೇಬಲ್ ಮೇಲೆ ಬರಿದಾಗಿ ಇಡುತ್ತೇನೆ. ದಿವಾನ್, ದಿಂಬು, ಫೈಲುಗಳ ಕೆಳಗೆ ಬೇಡ. ಒಳಗೆ ಕರೆಂಟಿನ ಭಾಗದ ಜೊತೆ ಲ್ಯಾನ್, ಎಚ್‌ಡಿಎಂಐ ಚಿಪ್ಪುಗಳೂ ಇರುವುದರಿಂದ ಬರೀ ಚಾರ್ಜರ್‌ಗಿಂತ ಇದು ಜಾಸ್ತಿ ಬಿಸಿಯಾಗುತ್ತದೆ.

ಈಗ ನನಗೆ ಅತಿ ಮುಖ್ಯ ಅನಿಸಿದ ಮಾತು. ಈ ಪೆಟ್ಟಿಗೆಯಲ್ಲಿ ಹೊಸದಾಗಿ ಒಂದು ಫೋನ್ ಸಿಕ್ಕಿಸಿದಾಗ ಅಥವಾ ತೆಗೆದಾಗ, ಯಾರಿಗೆ ಎಷ್ಟು ವ್ಯಾಟ್ ಅಂತ ಅದು ಮತ್ತೆ ಹಂಚಿಕೆ ಮಾಡುತ್ತದೆ. ಆ ಹೊತ್ತಿನಲ್ಲಿ ನನ್ನ ಪೆಟ್ಟಿಗೆಯಲ್ಲಿ ಎಲ್ಲಾ ಪೋರ್ಟೂ ಒಂದು ಕ್ಷಣ ಕಡಿದು ಮತ್ತೆ ಹತ್ತುತ್ತದೆ. ಚಾರ್ಜಿಂಗ್‌ಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಫೈಲ್ ಬರೆಯುತ್ತಿರುವ ಹಾರ್ಡ್ ಡಿಸ್ಕ್‌ಗೆ ಅದು ಒಳ್ಳೆಯದಲ್ಲ. ಡಿಎಸ್‌ಸಿಗಂತೂ ಬೇಡವೇ ಬೇಡ. ಡಾಂಗಲ್ ಹಾಕಿ, ಸಹಿ ಹಾಕಿಸುವ ಎಮ್‌ಸೈನರ್ ಸಾಫ್ಟ್‌ವೇರ್ ತೆರೆದು, ಪಿನ್ ಒತ್ತಿ, ಸಹಿ ಹೋಗುತ್ತಿರುವಾಗ ಡಾಂಗಲ್ ಮಾಯವಾದರೆ ಪೋರ್ಟಲ್ ಎರರ್ ಕೊಟ್ಟು ಮೊದಲಿನಿಂದ ಶುರು ಮಾಡಬೇಕು. ತಿಂಗಳ ಜಿಎಸ್‌ಟಿ ರಿಟರ್ನ್‌ಗೆ ಕೊನೆಯ ದಿನವಾದ 20ನೇ ತಾರೀಖು ಸಂಜೆ ಸೈಟೇ ನಿಧಾನ ಇರುವಾಗ ಇದು ಯಾರಿಗೆ ಬೇಕು? ಹಾಗಾಗಿ ನಾನು ಮಾಡಿಕೊಂಡಿರುವ ಕ್ರಮ ಇದು: ಡಿಎಸ್‌ಸಿ ಡಾಂಗಲ್ ಯಾವಾಗಲೂ ಲ್ಯಾಪ್‌ಟಾಪಿನ ಎರಡನೇ ಪೋರ್ಟ್‌ಗೆ ನೇರವಾಗಿ, ಒಂದು ಚಿಕ್ಕ ಕನ್ವರ್ಟರ್ ಮೂಲಕ. ಪೆಟ್ಟಿಗೆಗೆ ಹೋಗುವುದು ಲ್ಯಾನ್, ಟಿವಿ, ಮೌಸ್, ಪೆನ್‌ಡ್ರೈವ್ ಅಥವಾ ಹಾರ್ಡ್ ಡಿಸ್ಕ್ ಮಾತ್ರ. ಹಾರ್ಡ್ ಡಿಸ್ಕ್‌ಗೆ ಬ್ಯಾಕಪ್ ಹೋಗುತ್ತಿರುವಾಗ ಫೋನ್ ಮುಟ್ಟುವ ಹಾಗಿಲ್ಲ. ಮನೆಯ ಮಕ್ಕಳು ಬಂದು "ಆಂಟಿ, ಸ್ವಲ್ಪ ಚಾರ್ಜಿಗೆ ಹಾಕ್ಲಾ?" ಅಂತ ಕೇಳಿದರೆ, "ಹತ್ತು ನಿಮಿಷ ತಡಿ ಪುಟ್ಟ" ಅನ್ನುತ್ತೇನೆ.

ಕರೆಂಟ್ ಹೋದಾಗಲೂ ಹೀಗೇ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಪೆಟ್ಟಿಗೆಯಲ್ಲಿ ಇರುವುದೆಲ್ಲ ಒಟ್ಟಿಗೆ ಹೋಗುತ್ತದೆ. ಜುಲೈ ಕೊನೆಯ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಗಡಿಬಿಡಿಯೂ ಮಲೆನಾಡಿನ ಜೋರು ಮಳೆಯೂ ಒಟ್ಟಿಗೇ ಬರುತ್ತವೆ, ಮರ ಬಿದ್ದು ಲೈನ್ ಹೋಗುವುದು ನಮಗೆ ಹೊಸದೇನಲ್ಲ. ಇನ್ವರ್ಟರ್ ಇದ್ದರೂ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವಾಗ ಕೆಲವು ಕಡೆ ಒಂದು ಚಿಕ್ಕ ಕಡಿತ ಆಗುತ್ತದೆ, ಟ್ಯೂಬ್‌ಲೈಟ್ ಮಿಣುಕಿದ ಅಷ್ಟು ಹೊತ್ತು. ಆ ಅಷ್ಟಕ್ಕೇ ಪೆಟ್ಟಿಗೆ ರೀಸೆಟ್ ಆಗುತ್ತದೆ. ಎಷ್ಟೋ ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ಅದನ್ನು ಹಾಕಿಸಿದ ಮನೆಗಳಲ್ಲಿ ಬದಲಾವಣೆ ಬೇಗ ಆಗುತ್ತದೆ, ನನ್ನ ಪೆಟ್ಟಿಗೆಗೆ ಗೊತ್ತೇ ಆಗುವುದಿಲ್ಲ. ಆದರೆ ಆ ಮೋಡ್‌ನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಇನ್ವರ್ಟರ್ ಬ್ಯಾಟರಿಗೆ ಹೋಗಿಬಿಡುತ್ತದೆ, ಲೋ ವೋಲ್ಟೇಜ್ ಇರುವ ಕಡೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಮನೆಯವರಿಗೆ ಹೇಳಿಯೇ ಮಾಡಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಮಳೆಯಲ್ಲಿ ಮಾತ್ರ ಯೋಚನೆಯೇ ಇಲ್ಲ, ಗೋಡೆಯ ಪ್ಲಗ್ಗೂ ಕೀಳುತ್ತೇನೆ, ಲ್ಯಾನ್ ಕೇಬಲ್ಲೂ ಕೀಳುತ್ತೇನೆ, ಬ್ಯಾಟರಿಯಲ್ಲಿ ಎಷ್ಟಾಗುತ್ತದೋ ಅಷ್ಟು ಕೆಲಸ.

ಅರ್ಥಿಂಗ್ ಬಗ್ಗೆ ಯಾರೂ ಮಾತಾಡುವುದಿಲ್ಲ. ಲೋಹದ ಮೈ ಇರುವ ಲ್ಯಾಪ್‌ಟಾಪ್ ಮೇಲೆ ಮುಂಗೈ ಸವರಿದಾಗ ಜುಮ್ ಅನ್ನುತ್ತದಲ್ಲ, ಬೆರಳಿಗಿಂತ ಮುಂಗೈಗೆ ಚೆನ್ನಾಗಿ ತಿಳಿಯುತ್ತದೆ, ಅದು ಅಡಾಪ್ಟರ್ ಒಳಗೆ ಬೇರೆ ಉಪಕರಣಗಳಿಗೆ ಆಗುವ ವಿದ್ಯುತ್ ಅಡ್ಡಿ ತಡೆಯಲು ಇಟ್ಟಿರುವ ಕೆಪಾಸಿಟರ್‌ನಿಂದ ಸೋರುವ ತೀರಾ ಸಣ್ಣ ಕರೆಂಟ್. ಎರಡು ಪಿನ್ನಿನ ಅಡಾಪ್ಟರ್‌ನಲ್ಲಿ ಅದಕ್ಕೆ ಭೂಮಿಗೆ ಹೋಗಲು ದಾರಿ ಇಲ್ಲ. ಮೂರು ಪಿನ್ನಿನದು ತೆಗೆದುಕೊಂಡರೂ ಮನೆಯಲ್ಲಿ ಅರ್ಥ್ ಸರಿ ಇಲ್ಲದಿದ್ದರೆ ಅದೇ ಕಥೆ. ಟಿವಿ, ಲ್ಯಾನ್ ಎಲ್ಲಾ ಒಂದೇ ಪೆಟ್ಟಿಗೆಗೆ ಸೇರುವಾಗ ನಾನು ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮೂಡಿಗೆರೆ ಹತ್ತಿರದ ಒಂದು ಮನೆಯಲ್ಲಿ ಜುಮ್ ಜಾಸ್ತಿ ಇತ್ತು ಅಂತ ಹೇಳಿದ್ದಕ್ಕೆ ಅವರು ಎಲೆಕ್ಟ್ರಿಷಿಯನ್ ಕರೆಸಿದರು. ಹಳೇ ಅರ್ಥ್ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಹೊಸ ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ ಕಟ್ಟಿದ ಮೇಲೆ ಜುಮ್ ಹೋಯಿತು. ಅವರ ಗೀಸರ್‌ಗೂ, ಮೋಟಾರ್‌ಗೂ ಅದೇ ಅರ್ಥ್, ಆದ್ದರಿಂದ ಲ್ಯಾಪ್‌ಟಾಪ್‌ಗಿಂತ ಅವರಿಗೇ ಅದು ಹೆಚ್ಚು ಬೇಕಾಗಿತ್ತು.

ಎಲ್ಲಿ ಕೊಂಡರೂ ಅಡಾಪ್ಟರ್ ಮೇಲಿನ ಸಣ್ಣ ಅಕ್ಷರ ಓದಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ತಯಾರಕರದು, ಯಾವ ಸಾಮಾನಿಗೆ ಕೊಟ್ಟಿದ್ದು ಅಂತ ಬರುತ್ತದೆ. ಅಂಗಡಿಯಲ್ಲಿ ನಿಂತೇ ಇದನ್ನು ನೋಡಬಹುದು. 230 ವೋಲ್ಟ್ ಒಳಗೆ ಬರುವ ಸಾಮಾನಿನಲ್ಲಿ ನಾಲ್ಕು ನೂರು ಉಳಿಸುವ ಚೌಕಾಸಿ ನನಗೆ ಇಷ್ಟವಿಲ್ಲ.

ಕೊನೆಗೆ ರೂಟರ್. ಕರೆಂಟ್ ಹೋದರೆ ಫೈಬರ್ ಇಂಟರ್‌ನೆಟ್ಟೂ ಹೋಗುತ್ತದೆ, ಅದನ್ನೂ ಈ ಪೆಟ್ಟಿಗೆಯಿಂದಲೇ ನಡೆಸಬಹುದಾ ಅಂತ ಕೆಲವರು ಕೇಳುತ್ತಾರೆ. ಕರೆಂಟ್ ಇಲ್ಲದಾಗ ಪೆಟ್ಟಿಗೆಯೇ ನಡೆಯುವುದಿಲ್ಲ. ಇನ್ವರ್ಟರ್ ಇರುವ ಮನೆಯಲ್ಲೂ ಇನ್ನೊಂದು ತೊಡಕಿದೆ: ರೂಟರ್‌ಗೆ ಸಾಮಾನ್ಯವಾಗಿ 12 ವೋಲ್ಟ್ ಬೇಕು. ಟೈಪ್-ಸಿ ಚಾರ್ಜಿಂಗ್ ನಿಯಮದಲ್ಲಿ ಖಾಯಂ ಇರುವುದು 5, 9, 15, 20 ವೋಲ್ಟ್, 12 ಕೊಡುವುದು ಬಿಡುವುದು ತಯಾರಕರ ಇಷ್ಟ. 12 ವೋಲ್ಟಿಗೆ ಅಂತ ಮಾರುವ ಕೇಬಲ್ ಹಾಕಿದರೂ ಅಡಾಪ್ಟರ್‌ನಲ್ಲಿ 12 ಇಲ್ಲದಿದ್ದರೆ 9 ಮಾತ್ರ ಸಿಗಬಹುದು, ರೂಟರ್ ಹತ್ತಿ ಆರಿ ಹತ್ತಿ ಆರಿ ಮಾಡುತ್ತಿರುತ್ತದೆ. ಸಾಲದ್ದಕ್ಕೆ, ಯಾರಾದರೂ ಫೋನ್ ಸಿಕ್ಕಿಸಿದರೆ ಹಂಚಿಕೆ ಬದಲಾಗಿ ಇಂಟರ್‌ನೆಟ್ಟೂ ಕಡಿಯುತ್ತದೆ. ರೂಟರ್‌ಗೇ ಅಂತ ಚಿಕ್ಕ 12 ವೋಲ್ಟ್ ಯುಪಿಎಸ್ ಸಿಗುತ್ತದೆ, ನಮ್ಮ ಆಫೀಸಿನಲ್ಲಿ ಅದನ್ನೇ ಹಾಕಿದ್ದೇವೆ, ನಾನು ಪದೇ ಪದೇ ಹೋಗುವ ಎರಡು ಮೂರು ಮನೆಯವರೂ ಹಾಕಿಸಿಕೊಂಡಿದ್ದಾರೆ.