54 ಮೊಳೆಯ ಹಲಗೆ: ನಮ್ಮ ಶಾಪ್‌ನಲ್ಲಿ ಡೆಲಿವರಿ 30 ದಿನದಿಂದ 11ಕ್ಕೆ ಇಳಿದದ್ದು

ಮೊನ್ನೆ ಆಯುಧ ಪೂಜೆಗೆ ಶಾಪ್ ತೊಳೆದೆವು. ಯಾವ ಬೆಂಚಿನ ಕೆಳಗೂ ಮರೆತುಹೋದ ಕಾಸ್ಟಿಂಗ್ (ಎರಕದ ಬಿಡಿಭಾಗ) ಒಂದೂ ಸಿಗಲಿಲ್ಲ. ಮೂರು ವರ್ಷದ ಹಿಂದೆ ಇದೇ ಹಬ್ಬಕ್ಕೆ ತೊಳೆದಾಗ ಹೋನಿಂಗ್ ಮೆಷಿನ್ ಹಿಂದೆ 19 ವಾಲ್ವ್ ಬಾಡಿ ಸಿಕ್ಕಿದ್ದವು. ಅರ್ಧ ಮಷಿನಿಂಗ್ ಆಗಿ, ತುಕ್ಕು ಹಿಡಿದು ಕೂತಿದ್ದವು. ಅದೇ ಜಾಬ್‌ಗೆ ಗಿರಾಕಿ ಒಂದು ತಿಂಗಳಿಂದ ದಿನಾ ಫೋನ್ ಮಾಡುತ್ತಿದ್ದರು. ನಾವು ಕಳೆದುಹೋಯಿತು ಅಂದುಕೊಂಡು ಹೊಸ ಕಾಸ್ಟಿಂಗ್ ತರಿಸಿ ಎರಡನೇ ಸಲ ಹಾಕಿದ್ದೆವು.

ನಮ್ಮದು ಪೀಣ್ಯದಲ್ಲಿ 38 ಜನರ ಜಾಬ್ ಶಾಪ್, ಗಿರಾಕಿಗಳ ಆರ್ಡರ್ ಪ್ರಕಾರ ಬಿಡಿಭಾಗ ಮಾಡಿಕೊಡುತ್ತೇವೆ. ಎರಡು ಎಚ್‌ಎಂಸಿ ಮತ್ತು ಮೂರು ವಿಎಂಸಿ (ಕಂಪ್ಯೂಟರ್ ನಡೆಸುವ ಲೋಹ ಕತ್ತರಿಸುವ ಮೆಷಿನ್‌ಗಳು, ಮೊದಲನೆಯದರಲ್ಲಿ ಸ್ಪಿಂಡಲ್ ಅಡ್ಡ, ಎರಡನೆಯದರಲ್ಲಿ ನೇರ), ಐದು ಸಿಎನ್‌ಸಿ ಲೇತ್, ರಂಧ್ರದ ಒಳಮೈ ನುಣುಪು ಮಾಡುವ ಒಂದು ಹೋನಿಂಗ್, ಪೀಸ್‌ನ ಅಳತೆ ನೋಡುವ ಒಂದು ಸಿಎಂಎಂ. ನಾನು ಪ್ಲಾನಿಂಗ್ ನೋಡುತ್ತೇನೆ, ದುಡ್ಡು ಹಾಕಿರುವ ಪಾರ್ಟ್ನರ್ ನನ್ನ ಭಾವ. ಆಗ ಫ್ಲೋರ್ ಮೇಲೆ ಓಪನ್ ಇದ್ದ, ಅಂದರೆ ಶುರುವಾಗಿ ಮುಗಿಯದ, ಜಾಬ್ ಕಾರ್ಡ್ (ಒಂದು ಜಾಬ್‌ಗೆ ಒಂದು ಚೀಟಿ) ಸುಮಾರು 210. ದಿನಕ್ಕೆ ಮುಗಿದು ಹೊರಗೆ ಹೋಗುತ್ತಿದ್ದದ್ದು 7. ಭಾಗಿಸಿ ನೋಡಿ, ಒಂದು ಜಾಬ್ ಹೊರಗೆ ಬರಲು 30 ದಿನ. ನಾವು ಗಿರಾಕಿಗೆ ಹೇಳುತ್ತಿದ್ದದ್ದು 15 ದಿನ. ಈ ಲೆಕ್ಕವನ್ನು ಅಮೆರಿಕದ ಪ್ರೊಫೆಸರ್ ಜಾನ್ ಲಿಟಲ್ 1961ರಲ್ಲೇ ಸಾಧಿಸಿ ತೋರಿಸಿದ್ದಾರೆ, ನೀವೆಲ್ಲ ಓದಿಯೇ ಇರ್ತೀರಿ. ನಾನೂ ಡಿಪ್ಲೊಮಾದಲ್ಲಿ ಓದಿದ್ದೆ. ಆದರೆ ನಮ್ಮ ಶಾಪ್‌ನ ಅಂಕಿಗಳನ್ನು ಅದರಲ್ಲಿ ಹಾಕಿ ನೋಡಿದ್ದು ಹನ್ನೆರಡು ವರ್ಷ ಆದಮೇಲೆ.

ಅದಕ್ಕೂ ಮೊದಲು ಕಳೆದ ದುಡ್ಡಿನ ಕಥೆ ಹೇಳಿಬಿಡ್ತೀನಿ. ಒಂದು ಶೆಡ್ಯೂಲಿಂಗ್ ಸಾಫ್ಟ್‌ವೇರ್ ತೆಗೆದುಕೊಂಡೆವು. ಲೈಸೆನ್ಸ್, ಟ್ರೇನಿಂಗ್ ಎಲ್ಲ ಸೇರಿ ಮೂರೂವರೆ ಲಕ್ಷದ ಹತ್ತಿರ ಆಯಿತು. ಎಂಟು ತಿಂಗಳು ಒಬ್ಬ ಹುಡುಗ ಬರೀ ಸೈಕಲ್ ಟೈಮ್ ಎಂಟ್ರಿ ಮಾಡಿದ. ಬೆಳಿಗ್ಗೆ ಎಂಟಕ್ಕೆ ಚೆಂದದ ಚಾರ್ಟ್ ಬರುತ್ತಿತ್ತು, ಹತ್ತು ಗಂಟೆಗೆ ಅದು ಸುಳ್ಳಾಗುತ್ತಿತ್ತು. ಒಂದು ಟೂಲ್ ಮುರಿದರೆ ಸಾಕು, ಇಡೀ ದಿನದ ಪ್ಲಾನ್ ಹೋಯಿತು.

ಆಮೇಲೆ ಎಕ್ಸೆಲ್ ಸಾಲ್ವರ್ ಹಿಡಿದೆ. ಯಾವ ಜಾಬ್ ಎಷ್ಟು ಹಾಕಿದರೆ ಲಾಭ ಜಾಸ್ತಿ ಅಂತ ಲೀನಿಯರ್ ಪ್ರೋಗ್ರಾಮಿಂಗ್ ಮಾಡಿದೆ. ಎಕ್ಸೆಲ್ ಜೊತೆ ಬರುವ ಸಾಲ್ವರ್ 200 ವೇರಿಯಬಲ್‌ಗಿಂತ (ಅದು ಹುಡುಕಬೇಕಾದ ಅಂಕಿಗಳು) ಜಾಸ್ತಿ ತಗೊಳ್ಳಲ್ಲ, ಹಾಗಾಗಿ ಜಾಬ್‌ಗಳನ್ನು ಗುಂಪು ಮಾಡಿದೆ. ಉತ್ತರ ಬಂತು: ಒಂದು ಹೌಸಿಂಗ್ (ಯಂತ್ರದ ಕವಚದ ಭಾಗ) 3.4 ಪೀಸ್, ಇನ್ನೊಂದು 11.7 ಪೀಸ್ ಹಾಕಿ ಅಂತ. ಪ್ರತಿ ಸಲಕ್ಕೂ ಒಂದೂವರೆ ಗಂಟೆ ಸೆಟ್ಟಿಂಗ್ (ಜಾಬ್ ಬದಲಾದಾಗ ಟೂಲ್, ಫಿಕ್ಸ್ಚರ್ ಜೋಡಿಸುವುದು) ಬೇಕು ಅನ್ನೋದು ನನ್ನ ಮಾಡೆಲ್‌ನಲ್ಲಿ ಇರಲೇ ಇಲ್ಲ. ಸೆಟ್ಟಿಂಗ್ ಸೇರಿಸಿ, ಪೂರ್ಣಾಂಕ ಬೇಕು ಅಂತ ಹಾಕಿದ ಮೇಲೆ ಲ್ಯಾಪ್‌ಟಾಪ್ ರಾತ್ರಿಯೆಲ್ಲ ಓಡಿದರೂ ಉತ್ತರ ಬರಲಿಲ್ಲ. ಎರಡು ತಿಂಗಳು ಅದಕ್ಕೆ ಹೋಯಿತು.

ಅಷ್ಟರಲ್ಲಿ ಭಾವ ಮೂರನೇ ಎಚ್‌ಎಂಸಿ ತೆಗೆದುಕೊಳ್ಳೋಣ ಅಂತ ಕೊಟೇಷನ್ ತರಿಸಿದ್ದರು. ಪೀಸ್ ಹಿಡಿದಿಡುವ ಫಿಕ್ಸ್ಚರ್, ಪ್ಯಾಲೆಟ್ ಎಲ್ಲ ಸೇರಿ 1 ಕೋಟಿ 20 ಲಕ್ಷದ ಆಸುಪಾಸು. 'ಎಚ್‌ಎಂಸಿ 95 ಪರ್ಸೆಂಟ್ ಬಿಜಿ ಇದೆ, ಇನ್ನೇನು ನೋಡೋದು?' ಅಂದರು. ಅವರು ಹೇಳುತ್ತಿದ್ದದ್ದು ಲಾಗ್ ಬುಕ್‌ನ ಲೆಕ್ಕ. ಅದು ನಿಜವೇ ಆಗಿದ್ದರೂ ಭಯ ಪಡಬೇಕಾದ ಅಂಕಿ. ಸರತಿಯ ಸರಳ ಸೂತ್ರದಲ್ಲಿ ಮೆಷಿನ್ 80% ಬಿಜಿ ಇದ್ದರೆ ಸರಾಸರಿ 4 ಜಾಬ್ ಅಲ್ಲಿ ನಿಂತಿರುತ್ತವೆ. 90% ಆದರೆ 9, 95% ಆದರೆ 19. ಕೊನೆಯ ಐದು ಪರ್ಸೆಂಟ್‌ಗೆ ಸಾಲು ಎರಡರಷ್ಟಾಗುತ್ತದೆ.

ಒಂದು ಕೋಟಿ ಸಾಲ ಮಾಡುವ ಮೊದಲು ಮೂರು ವಾರ ಸಮಯ ಕೊಡಿ ಅಂತ ಭಾವನನ್ನು ಕೇಳಿಕೊಂಡೆ. ಮೊಬೈಲ್‌ನಲ್ಲಿ ಹೊತ್ತುಗೊತ್ತಿಲ್ಲದ ಟೈಮಿಗೆ ಅಲಾರಂ ಇಟ್ಟೆ. ಅಲಾರಂ ಹೊಡೆದ ಕೂಡಲೇ ಎದ್ದು ಹೋಗಿ ಎರಡೂ ಎಚ್‌ಎಂಸಿ ಆ ಕ್ಷಣ ಏನು ಮಾಡುತ್ತಿವೆ ಅಂತ ನೋಟ್‌ಬುಕ್‌ನಲ್ಲಿ ಒಂದು ಗೀಟು ಹಾಕುತ್ತಿದ್ದೆ. ಕಟಿಂಗ್, ಸೆಟ್ಟಿಂಗ್, ಕಾಯುವುದು, ಇನ್ನೇನೋ, ನಾಲ್ಕೇ ಕಾಲಂ. ಇಂಗ್ಲೆಂಡಿನ ಬಟ್ಟೆ ಗಿರಣಿಗಳಲ್ಲಿ ಟಿಪ್ಪೆಟ್ ಎಂಬ ಸಂಖ್ಯಾಶಾಸ್ತ್ರಜ್ಞ ಶುರು ಮಾಡಿದ ಹಳೇ ವಿಧಾನ ಇದು. 400 ಸಲ ನೋಡಿದರೆ ಐದು ಪರ್ಸೆಂಟ್ ಆಚೀಚೆ ಉತ್ತರ ಸಿಗುತ್ತದೆ. ಸೆಕೆಂಡ್ ಶಿಫ್ಟ್‌ಗೂ ಹೋಗಿ ನೋಡಿದೆ. ಇದನ್ನು ಬಿಡಬೇಡಿ, ರಾತ್ರಿಯ ಗೀಟುಗಳೇ ಬೇರೆ ಥರ ಇರುತ್ತವೆ.

ಲೋಹ ಕತ್ತರಿಸುತ್ತಿದ್ದದ್ದು 52% ಸಮಯ ಮಾತ್ರ. ಸೆಟ್ಟಿಂಗ್ ಸುಮಾರು 20%. ಸೆಟ್ಟಿಂಗ್ ಆದಮೇಲೆ ಬರುವ ಫಸ್ಟ್ ಪೀಸ್ ಅಳೆಯಲು ಸಿಎಂಎಂಗೆ ಕಳಿಸಿ ಓಕೆ ಬರಲಿ ಅಂತ ಕಾಯುತ್ತಿದ್ದದ್ದು 17%. ಆಪರೇಟರ್‌ಗಳು ಲಾಗ್ ಬುಕ್‌ನಲ್ಲಿ ಆ ಕಾಯುವುದನ್ನೂ ರನ್ನಿಂಗ್ ಅಂತಲೇ ಬರೆಯುತ್ತಿದ್ದರು. ತಪ್ಪು ಅವರದ್ದಲ್ಲ, ಕಾಯುವುದಕ್ಕೆ ಬುಕ್‌ನಲ್ಲಿ ಕಾಲಂ ಇರಲಿಲ್ಲ. ಸಿಎಂಎಂ ಹುಡುಗ ಬಂದ ಪೀಸುಗಳನ್ನು ಬಂದ ಸಾಲಿನಲ್ಲೇ ಅಳೆಯುತ್ತಿದ್ದ. ಲೇತ್‌ನಿಂದ ಬಂದ ಆರು ಬುಷ್ ಮುಂದೆ ಇದ್ದರೆ ಎಚ್‌ಎಂಸಿಯ ಫಸ್ಟ್ ಪೀಸ್ ಹಿಂದೆ. ಮುಕ್ಕಾಲು ಗಂಟೆ ಕೋಟಿ ರೂಪಾಯಿ ಮೆಷಿನ್ ಬಾಗಿಲು ತೆರೆದುಕೊಂಡು ನಿಂತಿರುತ್ತಿತ್ತು.

ಒಂದು ಕೆಂಪು ಟ್ರೇ ತಂದೆವು. ಎಚ್‌ಎಂಸಿ ಫಸ್ಟ್ ಪೀಸ್ ಅದರಲ್ಲೇ ಹೋಗಬೇಕು. ಕೆಂಪು ಟ್ರೇ ಬಂದರೆ ಈಗ ಅಳೆಯುತ್ತಿರುವುದು ಮುಗಿದ ಕೂಡಲೇ ಅದೇ ಮುಂದಿನದು. ಖರ್ಚು 150 ರೂಪಾಯಿ. ಎರಡು ತಿಂಗಳಲ್ಲಿ ಕಟಿಂಗ್ 52ರಿಂದ 63%ಗೆ ಬಂತು. ಎರಡು ಮೆಷಿನ್ ಸೇರಿ ದಿನಕ್ಕೆ 17 ಗಂಟೆ ಕಟಿಂಗ್ ಇದ್ದದ್ದು 20 ಗಂಟೆ ಆಯಿತು. ಮೂರನೇ ಎಚ್‌ಎಂಸಿ ಕೊಟೇಷನ್ ಫೈಲ್‌ಗೆ ಸೇರಿತು. ಇದನ್ನು ನಾನು ಹೆಮ್ಮೆಯಿಂದಲೇ ಹೇಳ್ತೀನಿ, ಅಷ್ಟು ಇಎಂಐ ನಮ್ಮ ತಲೆ ಮೇಲೆ ಬರಲಿಲ್ಲ.

ಆದರೆ ಡೆಲಿವರಿ ಇನ್ನೂ ಸರಿಹೋಗಿರಲಿಲ್ಲ. ಫ್ಲೋರ್ ಮೇಲೆ ಕಾರ್ಡುಗಳ ರಾಶಿ ಹಾಗೇ ಇತ್ತು. ಅದನ್ನು ಕಡಿಮೆ ಮಾಡೋಣ, ಒಳಗೆ 90 ಕಾರ್ಡ್ ಮಾತ್ರ ಬಿಡೋಣ, ಒಂದು ಹೊರಗೆ ಹೋದರೆ ಒಂದು ಒಳಗೆ ಬರಲಿ ಅಂತ ಹೇಳಿದೆ. ಯಾರೂ ಒಪ್ಪಲಿಲ್ಲ. ಸೂಪರ್‌ವೈಸರ್ ಇಪ್ಪತ್ತು ವರ್ಷದ ಅನುಭವಸ್ಥ. 'ಸಾರ್, ಲೇಟ್ ಆಗ್ತಿದೆ ಅಂತ ಗಿರಾಕಿ ಬಯ್ತಿದ್ದಾರೆ, ನೀವು ಕೆಲಸ ಶುರು ಮಾಡಬೇಡಿ ಅಂತೀರಲ್ಲ' ಅಂದರು.

ಮೊದಲ ಪ್ರಯತ್ನ ಕೆಟ್ಟದಾಗಿ ಸೋತಿತು. ಆ ತಿಂಗಳ ಬಿಲ್ಲಿಂಗ್ 42 ಲಕ್ಷದಿಂದ 35ಕ್ಕೆ ಬಿತ್ತು. ಕಾರಣ ಎರಡು. 90 ಕಾರ್ಡ್ ಅಂದೆನಲ್ಲ, ಸೂಪರ್‌ವೈಸರ್ ಮೂರು ಜಾಬ್ ಕ್ಲಬ್ ಮಾಡಿ ಒಂದೇ ಕಾರ್ಡ್ ಬರೆಯತೊಡಗಿದರು. ಕಾರ್ಡ್ 90, ಜಾಬ್ 140. ಇನ್ನೊಂದು, ಬೇಗ ಮುಗಿಯುತ್ತವೆ ಅಂತ ಲೇತ್‌ನಲ್ಲೇ ಆಗಿಹೋಗುವ ಸಣ್ಣ ಜಾಬ್‌ಗಳನ್ನೇ ತುಂಬಿದರು. ಒಂದು ಗುರುವಾರ ಎಚ್‌ಎಂಸಿಗೆ ಹಾಕಲು ಜಾಬೇ ಇರಲಿಲ್ಲ. ಎರಡು ದಿನ ಎರಡೂ ಮೆಷಿನ್ ಖಾಲಿ. ಆ ದಿನ ಭಾವನ ಮುಖ ನೋಡಲು ನನಗೆ ಧೈರ್ಯ ಇರಲಿಲ್ಲ. ಹಳೇ ಪದ್ಧತಿಗೆ ವಾಪಸ್ ಹೋದೆವು.

ನಾಲ್ಕು ತಿಂಗಳು ಬಿಟ್ಟು ಮತ್ತೆ ಮಾಡಿದೆ. ಈ ಸಲ ಕಾರ್ಡ್ ಎಣಿಸಲಿಲ್ಲ, ಜಾಬ್‌ಗಳು ಕಾದು ನಿಲ್ಲುವುದು ಎಚ್‌ಎಂಸಿ ಮುಂದೆ, ಹಾಗಾಗಿ ಎಚ್‌ಎಂಸಿ ಗಂಟೆ ಎಣಿಸಿದೆ. ಒಂದು ಜಾಬ್‌ಗೆ ಸರಾಸರಿ 2.4 ಗಂಟೆ, 90 ಜಾಬ್‌ಗೆ ಸುಮಾರು 216 ಗಂಟೆ. ಒಂದು ಪ್ಲೈವುಡ್ ಹಲಗೆಗೆ 54 ಮೊಳೆ ಹೊಡೆಸಿದೆ. ಒಂದು ಮೊಳೆ ಅಂದರೆ ನಾಲ್ಕು ಗಂಟೆ. ಎರಡು ಗಂಟೆಯ ಜಾಬ್ ಆದರೆ ಒಂದು ಮೊಳೆಗೆ ಎರಡು ಕಾರ್ಡ್. ಹತ್ತು ಗಂಟೆಯದಾದರೆ ಒಂದು ಮೊಳೆಗೆ ಕಾರ್ಡ್, ಪಕ್ಕದ ಎರಡಕ್ಕೆ ಕೆಂಪು ಬಿಲ್ಲೆ. ಎಚ್‌ಎಂಸಿಯಿಂದ ಇಳಿದ ಜಾಬ್‌ನ ಕಾರ್ಡ್ ಅಲ್ಲ, ಡಿಸ್ಪ್ಯಾಚ್ ಆದ ಜಾಬ್‌ನ ಕಾರ್ಡ್ ಮಾತ್ರ ಮೊಳೆಯಿಂದ ತೆಗೆಯಬೇಕು. ಮೊಳೆ ಖಾಲಿ ಇಲ್ಲ ಅಂದರೆ ಸ್ಟೋರ್ಸ್‌ನಿಂದ ಕಾಸ್ಟಿಂಗ್ ಹೊರಗೆ ಬರುವಂತಿಲ್ಲ. ಸ್ಟೋರ್ಸ್ ಕೀ ನನ್ನ ಹತ್ತಿರ. ಲೇತ್‌ನಲ್ಲೇ ಮುಗಿಯುವ ಜಾಬ್‌ಗಳಿಗೆ ಬೇರೆ ಸಣ್ಣ ಹಲಗೆ, 12 ಮೊಳೆ. ಕ್ಲಬ್ ಮಾಡಿದರೂ ಗಂಟೆ ಅಷ್ಟೇ ಆಗುತ್ತದಲ್ಲ, ಹಾಗಾಗಿ ಕ್ಲಬ್ ಮಾಡುವುದು ತಾನಾಗಿ ನಿಂತಿತು.

ಎರಡನೇ ವಾರ ಲೇತ್‌ಗಳು ಮಧ್ಯಾಹ್ನದ ಹೊತ್ತಿಗೆ ಖಾಲಿಯಾಗತೊಡಗಿದವು. ಭಾವ ಬಂದಾಗ ಇಬ್ಬರು ಲೇತ್ ಆಪರೇಟರ್‌ಗಳು ಸ್ಟೂಲ್ ಮೇಲೆ ಕೂತು ಟೀ ಕುಡೀತಿದ್ದರು.

'ಏನಪ್ಪಾ ಇದು, ಸಂಬಳ ಕೊಟ್ಟು ಕೂರಿಸಿದ್ದೀಯಲ್ಲ?'

'ಭಾವ, ಇವರು ಈಗ ಹೊಡೆದರೆ ಆ ಪೀಸ್ ಹೋಗಿ ಎಚ್‌ಎಂಸಿ ಮುಂದೆ ಹತ್ತು ದಿನ ಕೂರುತ್ತೆ. ಕಾಸ್ಟಿಂಗ್ ದುಡ್ಡಿಗೆ ಬ್ಯಾಂಕ್‌ಗೆ ಬಡ್ಡಿ ನಾವೇ ಕಟ್ಟಬೇಕು.'

'ಒಂದು ತಿಂಗಳು ನೋಡ್ತೀನಿ' ಅಂದು ಹೋದರು.

ನಾನು ಆ ಇಬ್ಬರನ್ನು ಎಚ್‌ಎಂಸಿ ಹತ್ತಿರ ಕಳಿಸಿದೆ. ಮುಂದಿನ ಜಾಬ್‌ನ ಟೂಲ್, ಫಿಕ್ಸ್ಚರ್ ಮೊದಲೇ ಜೋಡಿಸಿ ಟ್ರಾಲಿಯಲ್ಲಿ ಇಡುವುದು ಅವರ ಕೆಲಸ. ಸೆಟ್ಟಿಂಗ್ ಒಂದೂವರೆ ಗಂಟೆಯಿಂದ 55 ನಿಮಿಷಕ್ಕೆ ಇಳಿಯಿತು.

ಮೂರನೇ ತಿಂಗಳ ಹೊತ್ತಿಗೆ ದಿನಕ್ಕೆ ಎಂಟಕ್ಕಿಂತ ಸ್ವಲ್ಪ ಜಾಸ್ತಿ ಜಾಬ್ ಹೊರಗೆ. ಶಾಪ್ ಒಳಗೆ ಬಂದ ಜಾಬ್ ಹೊರಗೆ ಹೋಗಲು 11 ದಿನ. ಬಿಲ್ಲಿಂಗ್ 49, 50 ಲಕ್ಷ. ಓವರ್‌ಟೈಮ್ ತಿಂಗಳಿಗೆ 80 ಸಾವಿರ ಇದ್ದದ್ದು 25ಕ್ಕೆ ಬಂತು. ಒಂದು ಜಾಬ್‌ನ ಮಾಲಿಗೆ ಸುಮಾರು 18 ಸಾವಿರ ಅಂತ ಹಿಡಿದರೆ ಫ್ಲೋರ್ ಮೇಲೆ 38 ಲಕ್ಷದ ಮಾಲು ಇತ್ತು, ಅದು 16ಕ್ಕೆ ಇಳಿಯಿತು. ಆ 22 ಲಕ್ಷದಿಂದ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲ ಇಳಿಸಿದೆವು, ವರ್ಷಕ್ಕೆ ಎರಡು ಲಕ್ಷದ ಮೇಲೆ ಬಡ್ಡಿ ಉಳಿಯಿತು. ಹಲಗೆಗೆ ಆದ ಖರ್ಚು ಮೊಳೆ, ಬಣ್ಣ, ಬಡಗಿ ಕೂಲಿ ಸೇರಿ 900 ರೂಪಾಯಿ. ಈಗ ಸೂಪರ್‌ವೈಸರ್ ಯಾರಾದರೂ ಬಂದರೆ ಮೊದಲು ಹಲಗೆ ಹತ್ತಿರ ಕರಕೊಂಡು ಹೋಗಿ ತಾವೇ ವಿವರಿಸುತ್ತಾರೆ.

ಅರ್ಜೆಂಟ್ ಜಾಬ್‌ಗೆ ಏನು ಮಾಡ್ತೀರಿ ಅಂತ ಎಲ್ಲರೂ ಕೇಳ್ತಾರೆ. ಕೆಲವು ಮೊಳೆ ಯಾವಾಗಲೂ ಖಾಲಿ ಇರುತ್ತವೆ. ಎಷ್ಟು, ಯಾವ ಗಿರಾಕಿಗೆ, ಯಾವ ಲೆಕ್ಕದಲ್ಲಿ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದು ನಮ್ಮ ರೇಟ್‌ಗೆ ಸಂಬಂಧಿಸಿದ್ದು.

ಮಧ್ಯೆ ಬೇರೆ ಪ್ರಯೋಗಗಳೂ ಆದವು. ಒಂದು ತಿಂಗಳು ಚಿಕ್ಕ ಜಾಬ್ ಮೊದಲು ಅಂತ ನಿಯಮ ಮಾಡಿದೆ. ಡೆಲಿವರಿ ಸಂಖ್ಯೆ ಏರಿತು, ಆದರೆ ನಮ್ಮ ದೊಡ್ಡ ಗಿರಾಕಿಯ 14 ಗಂಟೆಯ ಹೌಸಿಂಗ್ ಐದು ವಾರ ಕದಲಲಿಲ್ಲ. ಈಗ ಹಲಗೆ ಮೇಲೆ ಡ್ಯೂ ಡೇಟ್ ಸಾಲೇ.

ಎಚ್‌ಎಂಸಿ ಆದಮೇಲೆ ಹೋನಿಂಗ್‌ಗೆ ಹೋಗುವ ಜಾಬ್‌ಗಳಿಗೆ ಮಾತ್ರ ಗಣಿತಜ್ಞ ಜಾನ್ಸನ್‌ನ 1954ರ ನಿಯಮ ಹಾಕುತ್ತೇನೆ, ಅದೂ ಶನಿವಾರಕ್ಕೆ ಡಿಸ್ಪ್ಯಾಚ್ ಒಟ್ಟಾಗಿ ಇದ್ದಾಗ. ಒಂದು ವಾರದ ನಾಲ್ಕು ಜಾಬ್ ಹೀಗಿದ್ದವು: ಎಚ್‌ಎಂಸಿ 6 ಗಂಟೆ ಹೋನಿಂಗ್ 2, ಎಚ್‌ಎಂಸಿ 4 ಹೋನಿಂಗ್ 3, ಎಚ್‌ಎಂಸಿ 2 ಹೋನಿಂಗ್ 5, ಎಚ್‌ಎಂಸಿ 3 ಹೋನಿಂಗ್ 4. ಒಂದೇ ಎಚ್‌ಎಂಸಿ ಮೇಲೆ ಬಂದ ಸಾಲಿನಲ್ಲೇ ಹಾಕಿದ್ದರೆ ಎಲ್ಲ ಮುಗಿಯಲು 22 ಗಂಟೆ. ಎಚ್‌ಎಂಸಿಯಲ್ಲಿ ಚಿಕ್ಕದನ್ನು ಮುಂದೆ, ಹೋನಿಂಗ್‌ನಲ್ಲಿ ಚಿಕ್ಕದನ್ನು ಕೊನೆಗೆ ಹಾಕಿದರೆ ಮೂರನೆಯದು, ನಾಲ್ಕನೆಯದು, ಎರಡನೆಯದು, ಮೊದಲನೆಯದು. 17 ಗಂಟೆ. ಕೈಯಲ್ಲೇ ಗೀಚಿ ನೋಡಿ. ಐದು ಗಂಟೆ ಅಂದರೆ ನಮಗೆ ಶನಿವಾರದ ಲಾರಿ ಸಿಗೋದು ಬಿಡೋದು ಅಷ್ಟರ ಮಾತು.

ದಸರಾ ರಜೆ ಸೇರಿಸಿ ಒಮ್ಮೆ ಮೆಷಿನ್‌ಗಳ ಜಾಗ ಬದಲಿಸಿದೆವು. ಒಂದಾದ ಮೇಲೊಂದು ಆರು ಕೆಲಸ, ಪ್ರತಿಯೊಬ್ಬರೂ ಎರಡು ದಿನ ಬೇಕು ಅಂದರು, ಒಟ್ಟು 12. ಎಲ್ಲ ಸರಿಯಾಗಿ ನಡೆದರೆ ಒಂದೊಂದೇ ದಿನ ಸಾಕು ಅಂತ ಅವರೇ ಒಪ್ಪಿದರು. ಆರು ದಿನದ ಪ್ಲಾನ್ ಮಾಡಿದೆ. ಆರೂ ಒಟ್ಟಿಗೆ ತಡ ಆಗಲ್ಲ ಅಂತ, ಪ್ರತಿ ಕೆಲಸದಲ್ಲಿ ಅಡಗಿದ್ದ ಒಂದೊಂದು ದಿನವನ್ನು ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆದೆ, ಎರಡೂವರೆ ದಿನ ಬಂತು. ಅದನ್ನು ಕೊನೆಯಲ್ಲಿ ಒಟ್ಟಿಗೆ ಇಟ್ಟೆ. ಕ್ರೇನ್ ಒಂದು ದಿನ ತಡವಾಗಿ ಬಂತು, ಲೆವೆಲಿಂಗ್ ಎರಡು ಸಲ ಮಾಡಬೇಕಾಯಿತು. ಎಂಟನೇ ದಿನ ಸಂಜೆ ಸ್ಪಿಂಡಲ್ ತಿರುಗಿತು.

ಮೊಳೆ ಇನ್ನೂ ಇಳಿಸಬಹುದಾ ಅಂತ ನೋಡುತ್ತಲೇ ಇದ್ದೇನೆ. 50ಕ್ಕೆ ಇಳಿಸಿದೆ, ಏನೂ ತೊಂದರೆ ಆಗಲಿಲ್ಲ. 46ಕ್ಕೆ ಇಳಿಸಿದ ಮೂರನೇ ವಾರ ಹೊರಗಿನ ಹೀಟ್ ಟ್ರೀಟ್‌ಮೆಂಟ್‌ನಿಂದ ಒಂದು ಲೋಡ್ ತಡವಾಗಿ, ಎರಡನೇ ಎಚ್‌ಎಂಸಿ ಬುಧವಾರ ಮಧ್ಯಾಹ್ನ ಮೂರು ಗಂಟೆ ಹೊತ್ತು ಖಾಲಿ ನಿಂತಿತು. ಅವತ್ತು ಸಂಜೆಯೇ ಸೂಪರ್‌ವೈಸರ್ ಸುತ್ತಿಗೆ ತಂದು ನಾಲ್ಕು ಮೊಳೆ ವಾಪಸ್ ಹೊಡೆದರು. ಈಗ 50ರಲ್ಲಿ ನಡೀತಿದೆ.